ಕ್ಯಾಮೆರಾ ಸಮೇತ ವಿದೇಶಕ್ಕೆ: ಠಸ್ಸೆ ತಪ್ಪದಂತೆ ಹೊರಡುವುದು ಹೇಗೆ?

ಗಾಂಧಿನಗರದಲ್ಲಿ ವಿದೇಶದ ಚಿತ್ರೀಕರಣದ ಮಾತು ಲೊಕೇಶನ್‌ನಿಂದ ಶುರುವಾಗಿ ಊಟದ ವ್ಯವಸ್ಥೆಯಲ್ಲಿ ಮುಗಿದುಹೋಗುತ್ತದೆ. ಸಲಕರಣೆಗಳ ಕಾಗದಪತ್ರ ನೆನಪಾಗುವುದು ಹೊರಡುವ ಹಿಂದಿನ ವಾರ. ವಿಮಾನ ನಿಲ್ದಾಣದಲ್ಲಿ ಯೂನಿಟ್‌ಗಳು ಪೇಚಾಡುವುದನ್ನು ಹಲವು ಬಾರಿ ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಪಾಸ್‌ಪೋರ್ಟ್‌ಗಳನ್ನು ತರಿಸಿ ನೋಡಿ. ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಹತ್ತನೇ ತರಗತಿ ಮುಗಿಸದ ಲೈಟ್‌ಬಾಯ್‌ಗಳ ಪಾಸ್‌ಪೋರ್ಟ್ ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ವರ್ಗದ್ದಾಗಿರಬಹುದು. ಅಂಥವರು ಯುಎಇ, ಮಲೇಷ್ಯಾ, ಥಾಯ್ಲೆಂಡ್ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಲು ವಲಸೆ ಅನುಮತಿ ಪಡೆಯಬೇಕಾಗುತ್ತದೆ. ಪ್ರವಾಸಿ ವೀಸಾದಲ್ಲಿ ಹೋಗಿ ಹಾಡು ಮುಗಿಸಿಕೊಂಡು ಬರೋಣ ಎನ್ನುವವರ ಮಾತನ್ನು ಕೇಳಲೇಬೇಡಿ. ಥಾಯ್ಲೆಂಡಿನಲ್ಲಂತೂ ಅಲ್ಲಿನ ಫಿಲ್ಮ್ ಆಫೀಸಿನಲ್ಲಿ ನೋಂದಾಯಿಸಿಕೊಂಡ ಸ್ಥಳೀಯ ಸಂಯೋಜಕರ ಮೂಲಕವೇ ಚಿತ್ರೀಕರಣದ ಅನುಮತಿಗೆ ಅರ್ಜಿ ಹಾಕಬೇಕು.

ನಿಜವಾದ ಕಷ್ಟವಿರುವುದು ಎಟಿಎ ಕಾರ್ನೆಯಲ್ಲಿ. ಸಲಕರಣೆಗಳನ್ನು ಮಾರಲು ಒಯ್ಯುತ್ತಿಲ್ಲ, ಕೆಲಸ ಮುಗಿಸಿ ವಾಪಸ್ ತರುತ್ತೇವೆ ಎಂದು ಎರಡೂ ದೇಶಗಳ ಕಸ್ಟಮ್ಸ್‌ಗೆ ಖಾತರಿ ಕೊಡುವ ದಾಖಲೆ ಇದು. ನಮ್ಮಲ್ಲಿ ಇದನ್ನು ನೀಡುವುದು ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಫಿಕ್ಕಿ. ಅವಧಿ ಗರಿಷ್ಠ ಒಂದು ವರ್ಷ, ಭದ್ರತಾ ಠೇವಣಿಯೂ ಬೇಕು. ನೀವು ಹೋಗುವ ದೇಶ ಚಿತ್ರೀಕರಣದ ಸಲಕರಣೆಗಳಿಗೆ ಕಾರ್ನೆಯನ್ನು ಒಪ್ಪುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿ. ಒಂದೇ ಕ್ಯಾಮೆರಾ ಹಿಡಿದು ಹೊರಡುವ ಸಾಕ್ಷ್ಯಚಿತ್ರದವರಾದರೆ, ತವರಿಗೆ ಮರಳುವಾಗ ಸುಂಕದ ಪ್ರಶ್ನೆ ಏಳದಿರಲು ಹೊರಡುವ ಮುನ್ನ ಇಲ್ಲಿನ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಪಡೆದರೂ ಸಾಕಾಗಬಹುದು, ಆದರೆ ಅದು ಹೊರದೇಶದ ಕಸ್ಟಮ್ಸ್‌ಗೆ ಉತ್ತರವಾಗುವುದಿಲ್ಲ.

ಕಾರ್ನೆಗೆ ಬೇಕಾದ ಸಲಕರಣೆಗಳ ಪಟ್ಟಿಯನ್ನು ಬಾಡಿಗೆ ಬಿಲ್ ನೋಡಿ ತಯಾರಿಸಬೇಡಿ. ಪೆಟ್ಟಿಗೆಗಳನ್ನು ನೆಲದ ಮೇಲೆ ತೆರೆದಿಟ್ಟು, ಒಬ್ಬರು ವಸ್ತುವಿನ ಮೇಲಿರುವ ಸೀರಿಯಲ್ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು, ಆಮೇಲೆ ಇಬ್ಬರೂ ಸ್ಥಾನ ಬದಲಿಸಿ ಮತ್ತೊಮ್ಮೆ ತಾಳೆ ನೋಡಬೇಕು. ಕಾರ್ನೆ ಕೈಗೆ ಬಂದ ಮೇಲೆ ಪಟ್ಟಿಗೆ ಹೊಸ ವಸ್ತುವನ್ನು ಸೇರಿಸುವಂತಿಲ್ಲ. ನಮ್ಮ ಒಂದು ಯೂನಿಟ್ ಹೊರಡುವ ಹಿಂದಿನ ರಾತ್ರಿ 50 ಎಂಎಂ ಲೆನ್ಸ್‌ನ ಫೋಕಸ್ ರಿಂಗ್ ಬಿಗಿಯಾಗಿದೆಯೆಂದು ಬಾಡಿಗೆಯವರು ಅದೇ ಮಾದರಿಯ ಬೇರೊಂದನ್ನು ಕೊಟ್ಟರು. ಮಾದರಿ ಒಂದೇ, ಸಂಖ್ಯೆ ಮಾತ್ರ ಬೇರೆ. ಕಸ್ಟಮ್ಸ್ ಅಧಿಕಾರಿ ಆ ಪೆಟ್ಟಿಗೆಯನ್ನೇ ತೆರೆಸಿದರು. ಲೆನ್ಸ್ ಡ್ರೈವರ್ ಜೊತೆ ವಾಪಸ್ ಹೋಯಿತು, ನಾವು 35 ಎಂಎಂನಲ್ಲೇ ಹಾಡು ಮುಗಿಸಿದೆವು.

ಕಾರ್ನೆಯೊಳಗೆ ಹಳದಿ ಹಾಳೆಗಳು ಸ್ವದೇಶದಿಂದ ಹೊರಡಲು ಮತ್ತು ಮರಳಲು, ಬಿಳಿಯವು ಹೊರದೇಶವನ್ನು ಪ್ರವೇಶಿಸಲು ಮತ್ತು ಬಿಡಲು, ನೀಲಿಯವು ನಡುವೆ ಇನ್ನೊಂದು ದೇಶವನ್ನು ಹಾದುಹೋಗಲು. ಅಧಿಕಾರಿ ಹಾಳೆಯ ವೋಚರ್ ಭಾಗವನ್ನು ಹರಿದುಕೊಂಡು, ಕಾರ್ನೆಯಲ್ಲೇ ಉಳಿಯುವ ಪ್ರತಿಪತ್ರಕ್ಕೆ ಠಸ್ಸೆ ಹಾಕುತ್ತಾರೆ. ಒಂದೇ ದೇಶಕ್ಕೆ ಹೋಗಿಬಂದರೆ ನಾಲ್ಕು ಠಸ್ಸೆ. ಮೂರನೆಯದು, ಅಂದರೆ ಹೊರದೇಶವನ್ನು ಬಿಡುವಾಗಿನದು, ಮರೆತುಹೋಗುವುದೇ ಹೆಚ್ಚು, ಏಕೆಂದರೆ ಆ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ, ನಿರ್ಮಾಪಕರು ಡ್ಯೂಟಿ ಫ್ರೀ ಅಂಗಡಿಯಲ್ಲಿರುತ್ತಾರೆ. ಆ ಠಸ್ಸೆ ಇಲ್ಲವಾದರೆ ಸಾಮಾನು ಅಲ್ಲೇ ಉಳಿಯಿತೆಂದು ಪರಿಗಣಿಸಿ ಸುಂಕ ಕೇಳುವ ಹಕ್ಕು ಆ ದೇಶಕ್ಕಿರುತ್ತದೆ. ಬ್ಯಾಗೇಜ್ ಚೆಕ್-ಇನ್ ಮಾಡಿದ ಮೇಲೆ ಅಧಿಕಾರಿಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲವಾದ್ದರಿಂದ ಮೊದಲು ಕಸ್ಟಮ್ಸ್, ಆಮೇಲೆ ಕೌಂಟರ್. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ಗೆ ಕನಿಷ್ಠ ಐದು ಗಂಟೆ ಮುಂಚೆ ತಲುಪಿ. ಹೆಬ್ಬಾಳದ ಟ್ರಾಫಿಕ್ಕನ್ನು ಬೇರೆಯಾಗಿ ಲೆಕ್ಕ ಹಾಕಿ. ಠಸ್ಸೆ ಬೀಳುವವರೆಗೆ ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಸುತ್ತಿಸಬೇಡಿ, ತೆರೆಸಿದರೆ ಆ ದುಡ್ಡು ದಂಡ.

ಲೈಟುಗಳು, ಸ್ಟ್ಯಾಂಡ್‌ಗಳು ಆದಷ್ಟು ಹೋಗುವ ದೇಶದಲ್ಲೇ ಬಾಡಿಗೆಗೆ ಸಿಗಲಿ.

ಬಿಡಿ ಲಿಥಿಯಂ ಬ್ಯಾಟರಿಗಳು ಚೆಕ್-ಇನ್ ಸಾಮಾನಿನಲ್ಲಿ ಹೋಗುವಂತಿಲ್ಲ, ಕೈಚೀಲದಲ್ಲೇ ಹೋಗಬೇಕು. ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿದರೆ ವಾಟ್-ಅವರ್ ಸಿಗುತ್ತದೆ: 14.8 ವೋಲ್ಟ್, 6.6 ಆಂಪಿಯರ್-ಅವರ್‌ನ ಬ್ಯಾಟರಿಗೆ ಸುಮಾರು 98. ನೂರರೊಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, 100ರಿಂದ 160ರವರೆಗಿನವು ವಿಮಾನಸಂಸ್ಥೆಯ ಒಪ್ಪಿಗೆಯೊಂದಿಗೆ ತಲೆಗೆ ಎರಡು, ಅದಕ್ಕೂ ಮೇಲಿನವು ಪ್ರಯಾಣಿಕ ವಿಮಾನದಲ್ಲಿ ಬೇಡವೇ ಬೇಡ. ಎಸ್.ಪಿ. ರಸ್ತೆಯಲ್ಲಿ ಸಿಗುವ, ವಾಟ್-ಅವರ್ ಅಚ್ಚಿಲ್ಲದ ಅಗ್ಗದ ಬ್ಯಾಟರಿಗಳನ್ನು ಮನೆಯಲ್ಲೇ ಬಿಡಿ, ತಪಾಸಣೆಯವರು ಅಂಥವುಗಳನ್ನು ತೆಗೆದಿಡಿಸಿದ್ದನ್ನು ನಾನೇ ನೋಡಿದ್ದೇನೆ. ಒಯ್ಯುವ ಬ್ಯಾಟರಿಗಳ ಟರ್ಮಿನಲ್‌ಗಳಿಗೆ ಟೇಪ್ ಅಂಟಿಸಿ, ಯೂನಿಟ್‌ನ ಎಲ್ಲರಿಗೂ ಹಂಚಿ.

ಮರಳಿ ಬಂದಾಗ ಮೊದಲು ಬೆಂಗಳೂರಿನ ನಾಲ್ಕನೇ ಠಸ್ಸೆ, ನಂತರ ಮನೆ. ಕಾರ್ನೆಯನ್ನು ಫಿಕ್ಕಿಗೆ ಹಿಂದಿರುಗಿಸುವ ಮೊದಲು ಪ್ರತಿಪತ್ರಗಳ ಫೋಟೊ ತೆಗೆದಿಟ್ಟುಕೊಳ್ಳಿ. ಠೇವಣಿ ಬಿಡುಗಡೆಯಾಗುವವರೆಗೆ ಅವನ್ನು ಅಳಿಸಬೇಡಿ.