ಕ್ರೇಮರ್ ಹೇಳಿದ ಶೇರನ್ನು ನಾನು ಹದಿನೈದು ದಿನ ಬಿಟ್ಟು ಕೊಳ್ಳುತ್ತೇನೆ

"ಟೀವಿ ನೋಡಿ ಶೇರು ತಗೊಂಡು ಯಾರಾದ್ರೂ ಉದ್ಧಾರ ಆಗಿದ್ದಾರಾ ಭಾವ?" ಅಂತ ನನ್ನ ಭಾಮೈದ ಕೇಳಿದ್ದು 2022 ರಲ್ಲಿ, ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ. ಮೊನ್ನೆ ಅವನೇ ನನ್ನ ಪಟ್ಟಿ ಕೇಳಿ ತರಿಸಿಕೊಂಡ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಪದ. ಇಷ್ಟೇ ಬೆಲೆಗೆ ಅಥವಾ ಅದಕ್ಕಿಂತ ಕಮ್ಮಿಗೆ ಸಿಕ್ಕರೆ ಮಾತ್ರ ಕೊಳ್ಳು ಅನ್ನುವುದು ಲಿಮಿಟ್ ಆರ್ಡರ್. ಶೇರು ಬಿದ್ದರೆ ಲಾಭ ಕೊಡುವ ಒಪ್ಪಂದ ಪುಟ್ ಆಪ್ಷನ್. ಇನ್ನು ಜಿಮ್ ಕ್ರೇಮರ್. 2005 ರ ಮಾರ್ಚಿನಿಂದ ಅಮೆರಿಕದ ಸಿಎನ್‌ಬಿಸಿ ವಾಹಿನಿಯಲ್ಲಿ 'ಮ್ಯಾಡ್ ಮನಿ' ಅನ್ನುವ ಶೇರು ಸಲಹೆಯ ಕಾರ್ಯಕ್ರಮ ನಡೆಸುತ್ತಿರುವವರು. ಅಂಗಿ ತೋಳು ಮಡಚಿ, ಕಿರುಚಿ, ಮೇಜಿನ ಮೇಲಿನ ಗುಂಡಿ ಗುದ್ದಿ ಸದ್ದು ಮಾಡಿಸುತ್ತಾರಲ್ಲ, ಅವರೇ.

2020-21 ರಲ್ಲಿ ನಾನು ಮಾಡಿದ ತಪ್ಪು ಬಹಳ ಜನ ಮಾಡುವಂಥದ್ದು. ಸಂಜೆ ಆರು ಗಂಟೆಗೆ ಅವರ ಬಾಯಿಂದ ಹೆಸರು ಬಂದ ತಕ್ಷಣ ಫೋನ್ ಎತ್ತಿಕೊಂಡು ಆಫ್ಟರ್ ಅವರ್ಸ್‌ನಲ್ಲೇ, ಅಂದರೆ ಮಾರುಕಟ್ಟೆ ಮುಚ್ಚಿದ ಮೇಲಿನ ವಹಿವಾಟಿನಲ್ಲೇ, ಕೊಳ್ಳುತ್ತಿದ್ದೆ. ಒಂದು ಚಿಪ್ ಕಂಪನಿ ಆ ದಿನ 41 ಡಾಲರ್‌ಗೆ ಮುಗಿದಿತ್ತು. ನನಗೆ ಸಿಕ್ಕಿದ್ದು 43ಕ್ಕೆ. ಎರಡು ವಾರದಲ್ಲಿ 38. ಹೆದರಿ ಮಾರಿದೆ. ಇದೇ ಕಥೆ ಒಂದೂವರೆ ವರ್ಷ. ಹೆಚ್ಚುಕಡಿಮೆ 11 ಸಾವಿರ ಡಾಲರ್ ಕೈಬಿಟ್ಟಿತು. ಮಗಳ ಕಾಲೇಜಿಗೆ ಎತ್ತಿಟ್ಟ ದುಡ್ಡೂ ಸ್ವಲ್ಪ ಅದರಲ್ಲಿತ್ತು. ಆತುರ ನನ್ನದು, ತಪ್ಪೂ ನನ್ನದೇ. ಹೆಂಡತಿಗೆ ಹೇಳಿದ ರಾತ್ರಿ ಅವಳು ಬೈಯಲಿಲ್ಲ. "ರೀ, ಅವರು ಹೇಳೋದನ್ನೇ ಕೇಳ್ತೀರ. ಅವರು ಹೆಂಗೆ ಕೊಳ್ತಾರೆ ಅಂತ ಯಾವತ್ತಾದ್ರೂ ನೋಡಿದ್ರಾ?" ಅಂದಳು.

ನೋಡಿರಲಿಲ್ಲ. ಅವತ್ತಿಂದ ಅವರ ಬದುಕನ್ನು ಕೆದಕಿದೆ.

ಹುಟ್ಟಿದ್ದು 1955, ಫಿಲಡೆಲ್ಫಿಯಾ ಪಕ್ಕ. ಹುಡುಗನಾಗಿದ್ದಾಗ ವೆಟರನ್ಸ್ ಸ್ಟೇಡಿಯಂನಲ್ಲಿ ಐಸ್‌ಕ್ರೀಮ್ ಮಾರಿದವರು. ಹಾರ್ವರ್ಡ್ ಮುಗಿಸಿ ಫ್ಲಾರಿಡಾದ ಟ್ಯಾಲಹಾಸಿಯಲ್ಲಿ ಪತ್ರಿಕಾ ವರದಿಗಾರರಾದರು. ಆಮೇಲೆ ಕೆಲವು ತಿಂಗಳು ಕಾರಿನಲ್ಲೇ ಮಲಗಿದ ದಿನಗಳೂ ಇದ್ದವು. ಮತ್ತೆ ಹಾರ್ವರ್ಡ್‌ಗೆ ಹೋಗಿ ಕಾನೂನು ಓದುವಾಗ, ಮನೆಯ ಫೋನಿನ ಆನ್ಸರಿಂಗ್ ಮಷೀನ್‌ನಲ್ಲಿ ಶೇರುಗಳ ಸಲಹೆ ಹೇಳಿ ಇಡುತ್ತಿದ್ದರು! ಅದನ್ನು ಕೇಳಿಯೇ 'ದಿ ನ್ಯೂ ರಿಪಬ್ಲಿಕ್' ಪತ್ರಿಕೆಯ ಮಾಲೀಕ ಮಾರ್ಟಿನ್ ಪೆರೆಟ್ಜ್ 5 ಲಕ್ಷ ಡಾಲರ್ ಕೊಟ್ಟು ಬೆಳೆಸಿ ಅಂದರು. 1984 ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನಲ್ಲಿ ಕೆಲಸ, 1987 ರಲ್ಲಿ ಸ್ವಂತ ಹೆಡ್ಜ್ ಫಂಡ್, ಅಂದರೆ ಶ್ರೀಮಂತರ ದುಡ್ಡನ್ನು ಹೂಡಿ ಬೆಳೆಸುವ ಸಂಸ್ಥೆ. ವರ್ಷಕ್ಕೆ ಸರಾಸರಿ ಶೇ. 24 ಗಳಿಸಿದೆ ಅನ್ನುವುದು ಅವರ ಲೆಕ್ಕ.

ಇಷ್ಟು ಓದಿದ ಮೇಲೆ ನನಗೆ ಅನಿಸಿದ್ದು ಇದು. ಫಂಡ್ ನಡೆಸಿದ ಕ್ರೇಮರ್ ಬೇರೆ, ವರದಿಗಾರ ಕ್ರೇಮರ್ ಬೇರೆ. ಸಂಜೆ ಆರಕ್ಕೆ ಮಾತಾಡುವವರು ವರದಿಗಾರ. ಅವರಿಗೆ ವಾರಕ್ಕೆ ಐದು ದಿನ ಹೊಸ ಸುದ್ದಿ ಬೇಕು. ನನಗೆ ಬೇಡ. ಇನ್ನು, ಶೇರು ಕೊಂಡು ಮಾರಿ ಬಂದ ಲಾಭವನ್ನು ದಾನ ಕೊಡುವ ಅವರ ಧರ್ಮಾರ್ಥ ಟ್ರಸ್ಟಿನ ನಿಯಮ ನೋಡಿ. ದುಡ್ಡು ಕೊಟ್ಟು ಅವರ ಸಲಹೆ ತರಿಸಿಕೊಳ್ಳುವ ಚಂದಾದಾರರಿಗೆ ಮೊದಲು ಮೆಸೇಜ್ ಕಳಿಸಿ 45 ನಿಮಿಷ ಕಾದು ಕೊಳ್ಳುತ್ತಾರೆ. ಟೀವಿಯಲ್ಲಿ ಆ ಶೇರಿನ ಮಾತು ಬಂದಿದ್ದರೆ 72 ಗಂಟೆ. ಜನರಿಗೆ ಅನ್ಯಾಯ ಆಗಬಾರದು ಅಂತ ಇಟ್ಟ ನಿಯಮ ಅದು. ಅವರೇ ಮೂರು ದಿನ ಕಾಯುವಾಗ ನಾನು ಮೂರು ನಿಮಿಷ ಕಾಯಲಿಲ್ಲ, ಅಲ್ವಾ?

ಮೊದಲು ಮೂರು ದಿನ ಕಾದು ನೋಡಿದೆ. ಸಾಲಲಿಲ್ಲ. ಒಂದು ವಾರವೂ ಸಾಲಲಿಲ್ಲ. ಹದಿನೈದಕ್ಕೆ ಹದ ಸಿಕ್ಕಿತು. ಟೀವಿಯ ಉಬ್ಬರ ರಾತ್ರೋರಾತ್ರಿ ಏರಿ ಕೆಲವು ತಿಂಗಳಲ್ಲಿ ಇಳಿಯುತ್ತದೆ ಅಂತ 2012 ರಲ್ಲಿ ಬಂದ ಒಂದು ಅಧ್ಯಯನವೂ ಇದೆ. ನಾನದನ್ನು ಓದಿದ್ದು ಆಮೇಲೆ.

ಒಂದು ಉದ್ದ ನೋಟ್‌ಬುಕ್. ನಾಲ್ಕು ಕಾಲಂ: ತಾರೀಖು, ಅವತ್ತಿನ ಮುಕ್ತಾಯದ ಬೆಲೆ, ಮಾತು ಎತ್ತಿದ್ದು ಅವರೋ ಕಾರ್ಯಕ್ರಮಕ್ಕೆ ಫೋನ್ ಮಾಡಿದ ವೀಕ್ಷಕರೋ, ಪ್ರಶ್ನೆ ಏನು. ಫೋನ್ ಮಾಡಿದವರು ಕೇಳಿದ ಶೇರುಗಳಿಗೆ ಅವರು ಪಟಪಟ ಉತ್ತರ ಕೊಡುವ 'ಲೈಟ್ನಿಂಗ್ ರೌಂಡ್' ಬರೆದುಕೊಳ್ಳುವುದೇ ಇಲ್ಲ. ಕಡೇ ಕಾಲಂ ಬಂದಿದ್ದು ಬೇರ್ ಸ್ಟರ್ನ್ಸ್ ಅನ್ನುವ ಅಮೆರಿಕದ ಬ್ಯಾಂಕಿನ ಕಥೆಯಿಂದ. 2008 ರ ಮಾರ್ಚ್ 11 ರಂದು ಅದು ಚೆನ್ನಾಗಿದೆ ಅಂತ ಕೂಗಿದರು. 60 ಡಾಲರ್ ಮೇಲಿದ್ದ ಶೇರಿಗೆ ಐದು ದಿನದಲ್ಲಿ ಅದನ್ನು ಕೊಳ್ಳಲು ಬಂದ ಜೆಪಿ ಮಾರ್ಗನ್ ಬ್ಯಾಂಕ್ ಕೊಡುತ್ತೇನೆ ಅಂದಿದ್ದು 2 ಡಾಲರ್. ನಾನು ಹೇಳಿದ್ದು ಅಲ್ಲಿಟ್ಟ ದುಡ್ಡಿನ ಬಗ್ಗೆ, ಶೇರಿನ ಬಗ್ಗೆ ಅಲ್ಲ ಅಂತ ಅವರು ಆಮೇಲೆ ವಿವರಿಸಿದರು. ಪ್ರಶ್ನೆ ಬರೆದಿಟ್ಟುಕೊಂಡರೆ ಈ ಗೊಂದಲ ಇರಲ್ಲ.

ಹದಿನಾರನೇ ದಿನ, ನೋಟ್‌ಬುಕ್‌ನಲ್ಲಿ ಬರೆದಿಟ್ಟ ಮುಕ್ತಾಯದ ಬೆಲೆಗಿಂತ ಶೇ. 3 ಕೆಳಗೆ ಲಿಮಿಟ್ ಆರ್ಡರ್. ತಿಂಗಳೊಳಗೆ ಸಿಗದಿದ್ದರೆ ಬಿಟ್ಟೆ. ಸಿಇಒಗಳು ಬಂದು ಕೂರುವ ಸಂಚಿಕೆಗಳನ್ನು ಹೇಗೆ ಸೋಸುತ್ತೇನೆ ಅನ್ನೋದನ್ನು ಇಲ್ಲಿ ಹೇಳಲ್ಲ. ಅದಕ್ಕೆ ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೇನೆ.

ನಡುವೆ ಉಲ್ಟಾ ಆಟವನ್ನೂ ಆಡಿ ನೋಡಿದೆ. 2023 ರ ಮಾರ್ಚಿನಲ್ಲಿ ಅವರ ಮಾತಿಗೆ ವಿರುದ್ಧ ಹೋಗುವ ಒಂದು ಇಟಿಎಫ್ (ಶೇರಿನಂತೆಯೇ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಫಂಡ್) ಬಂದಿತ್ತು, 2024 ರ ಆರಂಭದಲ್ಲೇ ಮುಚ್ಚಿತು. ಆ ಹುರುಪಿನಲ್ಲಿ ನಾನೂ ಪುಟ್ ಕೊಂಡೆ. ಸುಮಾರು 1,400 ಡಾಲರ್ ನೀರಿಗೆ ಹೋಯಿತು. ಶುಕ್ರವಾರ ಅವರು ಮುಂದಿನ ವಾರದ ನಕ್ಷೆ ಹೇಳುತ್ತಾರಲ್ಲ, ಅದರಲ್ಲೂ ಏನೂ ಗಿಟ್ಟಲಿಲ್ಲ.

ಇಲ್ಲಿಯವರೆಗೆ ಅರವತ್ತು ಚಿಲ್ಲರೆ ಹೆಸರು ಬರೆದಿರಬಹುದು. ಆರ್ಡರ್ ಸಿಕ್ಕಿದ್ದು ಮೂವತ್ತೈದರ ಹತ್ತಿರ, ಲಾಭ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಹೋದ 11 ಸಾವಿರ 2024 ರ ದೀಪಾವಳಿಗೆ ವಾಪಸ್ ಬಂತು. ಅದರ ಮೇಲೆ ಏಳೆಂಟು ಸಾವಿರ ಸೇರಿದೆ. ನಮ್ಮ ಆಫೀಸಿನಲ್ಲಿ ಯಾರೂ ಇದನ್ನು ನಂಬಿರಲಿಲ್ಲ. ಈಗ ಮಧ್ಯಾಹ್ನದ ಊಟಕ್ಕೆ ನನ್ನ ಮೇಜಿನ ಹತ್ತಿರ ಬರುತ್ತಾರೆ.

ಭಾಮೈದನಿಗೆ ಹೋದ ವಾರ ಮೊದಲ ಹೆಸರು ಕೊಟ್ಟೆ. ಮೂರನೇ ದಿನಕ್ಕೇ ಫೋನ್. "ಏರ್ತಾ ಇದೆ ಭಾವ, ಈಗ್ಲೇ ತಗೊಳ್ಲಾ?" ಇನ್ನೂ ಹನ್ನೆರಡು ದಿನ ಇದೆ ಕಣೋ, ಬೆಲೆ ಬರೆದಿಟ್ಕೊಂಡು ಮಲಗು ಅಂದೆ.