ಹಳೇ ಚಾಕುವಿನ ಮುದ್ರೆ ಓದಿ ಬೆಲೆ ಕಟ್ಟೋದು ಹೇಗೆ

ಹಳೇ ಚಾಕು ಕೈಗೆ ಬಂದ ಕೂಡಲೇ ಅದನ್ನು ಉಜ್ಜಿ ಫಳಫಳ ಮಾಡೋಕೆ ಹೋಗಬೇಡಿ. ಉಪ್ಪುಕಾಗದ, ಸಾಣೆ ಚಕ್ರ ಯಾವುದೂ ಬೇಡ. ಅಲಗಿನ ಮೇಲೆ ವರ್ಷಗಟ್ಟಲೆ ಕೂತ ಕಪ್ಪು ಬಣ್ಣದ ಜೊತೆಗೆ ತಯಾರಕರ ಮುದ್ರೆಯೂ ಸವೆದು ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸಿ, ಸಾಕು.

ಮುದ್ರೆ ಎಲ್ಲಿರುತ್ತದೆ? ಮಡಚುವ ಚಾಕುವಾದರೆ ಅಲಗಿನ ಬುಡದಲ್ಲಿ, ಹರಿತ ಶುರುವಾಗುವ ಮುಂಚಿನ ಚಪ್ಪಟೆ ಜಾಗದಲ್ಲಿ. ತಿರುಗಿಸಿ ಹಿಂಬದಿಯನ್ನೂ ನೋಡಿ, ಎಷ್ಟೋ ಸಲ ಮಾದರಿ ಸಂಖ್ಯೆ ಅಲ್ಲೇ ಇರುತ್ತದೆ. ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣಲ್ಲ. ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಸವೆದ ಅಕ್ಷರದ ಅಂಚಿನಲ್ಲಿ ನೆರಳು ಬಿದ್ದು ಓದೋಕೆ ಬರುತ್ತದೆ. ಕಂಡಿದ್ದನ್ನು ಕಂಡ ಹಾಗೇ ಬರೆದುಕೊಳ್ಳಿ, ಚುಕ್ಕಿ, ನಕ್ಷತ್ರ, ಕಿರೀಟ ಎಲ್ಲಾ ಸೇರಿಸಿ. ಕಾಣದ ಅಕ್ಷರವನ್ನು ಊಹೆಯಿಂದ ತುಂಬಿಸಬೇಡಿ.

ಕೆಲವು ಗುರುತು ಒಂದೇ ನೋಟಕ್ಕೆ ಗೊತ್ತಾಗುತ್ತವೆ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ (ತುದಿ ಅಗಲವಾದ ನಾಲ್ಕು ಸಮ ತೋಳಿನ ಶಿಲುಬೆ) ಇದ್ದರೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್. 'ಐ ಎಕ್ಸ್ ಎಲ್' ಇದ್ದರೆ ಅದೇ ಊರಿನ ಜಾರ್ಜ್ ವೋಸ್ಟೆನ್‌ಹೋಮ್. ಅವಳಿ ಮನುಷ್ಯರ ಚಿತ್ರ ಜರ್ಮನಿಯ ಸೋಲಿಂಗೆನ್ ಊರಿನ ಹೆಂಕೆಲ್ಸ್‌ನದು, 1731ರಲ್ಲಿ ನೋಂದಾಯಿಸಿದ ಗುರುತು. ಆದರೆ ಬರೀ 'ಶೆಫೀಲ್ಡ್' ಅಂತ ಇದ್ದರೆ ಅದು ಊರಿನ ಹೆಸರು ಅಷ್ಟೇ, ಅಲ್ಲಿ ಚಾಕು ಮಾಡುತ್ತಿದ್ದವರು ಲೆಕ್ಕವಿಲ್ಲದಷ್ಟು ಜನ. 'ಸಬಾಟಿಯೆ' ಹೆಸರನ್ನು ಫ್ರಾನ್ಸ್‌ನ ಹಲವು ಬೇರೆ ಬೇರೆ ತಯಾರಕರು ಬಳಸಿದ್ದಾರೆ. 'ಲಾಗಿಯೋಲ್' ಅನ್ನೋ ಫ್ರೆಂಚ್ ಶೈಲಿಯ ಮಡಚುವ ಚಾಕುವಿನ ಬೆನ್ನಿನ ಮೇಲಿನ ಜೇನುನೊಣ ನೋಡಿ ಮರುಳಾಗುವವರು ಬಹಳ, ಆ ನೊಣವನ್ನು ಯಾರು ಬೇಕಾದರೂ ಹಾಕುತ್ತಾರೆ.

ಇನ್ನು ಕಾಲ. ಅಮೆರಿಕದ 1890ರ ಮೆಕಿನ್ಲೆ ಸುಂಕ ಕಾಯ್ದೆಯಿಂದಾಗಿ ಅಲ್ಲಿಗೆ ಬರುವ ಸರಕಿನ ಮೇಲೆ ದೇಶದ ಹೆಸರು ಹಾಕಬೇಕಾಯಿತು. ಹಾಗಾಗಿ ಮುದ್ರೆಯಲ್ಲಿ 'ಇಂಗ್ಲೆಂಡ್' ಅಥವಾ 'ಜರ್ಮನಿ' ಅಂತ ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಉಲ್ಟಾ ಲೆಕ್ಕ ಮಾತ್ರ ಹಾಕಬೇಡಿ: ದೇಶದ ಹೆಸರಿಲ್ಲ ಅಂದ ಮಾತ್ರಕ್ಕೆ ಹಳೇದು ಅಂತಲ್ಲ, ತಮ್ಮದೇ ದೇಶದಲ್ಲಿ ಮಾರೋಕೆ ಮಾಡಿದ ಚಾಕುವಿಗೆ ಅದು ಬೇಕೇ ಇರಲಿಲ್ಲ ಅಲ್ವಾ. ರಾಜರ್ಸ್ ಚಾಕುವಿನಲ್ಲಿ ಕಿರೀಟದ ಜೊತೆ 'ವಿ. ಆರ್.' ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. ಜಾರ್ಜ್ ಹೆಸರಿನ ರಾಜರ ಗುರುತಾದ 'ಜಿ. ಆರ್.' ಕಂಡರೆ ಸ್ವಲ್ಪ ತಡೆಯಿರಿ. ಅದನ್ನು 1820ರ ದಶಕದ್ದು ಅಂತ ಮಾರುವವರಿದ್ದಾರೆ, ಆದರೆ 1910ರಿಂದ 1936ರವರೆಗೆ ಆಳಿದ ಐದನೇ ಜಾರ್ಜ್ ಕಾಲದ್ದೂ ಆಗಿರಬಹುದು. 'ಸ್ಟೇನ್‌ಲೆಸ್' ಅಂತ ಕೊರೆದಿದ್ದರೆ ಮಾತೇ ಮುಗಿಯಿತು: ಹ್ಯಾರಿ ಬ್ರಿಯರ್ಲಿ ಶೆಫೀಲ್ಡ್‌ನಲ್ಲಿ ಆ ಉಕ್ಕು ಮಾಡಿದ್ದೇ 1913ರಲ್ಲಿ, ವಿಕ್ಟೋರಿಯಾ ಕಾಲದ ಕಥೆ ಅಲ್ಲಿಗೇ ನಿಂತಿತು.

ಅಮೆರಿಕದ ಕೇಸ್ ಅನ್ನೋ ಚಾಕು ಕಂಪನಿಯ ಲೆಕ್ಕ ನನಗಂತೂ ಬಹಳ ಇಷ್ಟ. 1970ರಲ್ಲಿ ಮುದ್ರೆಯ ಕೆಳಗೆ 10 ಚುಕ್ಕಿ ಹಾಕಿ, ವರ್ಷಕ್ಕೆ ಒಂದರಂತೆ ಕಡಿಮೆ ಮಾಡುತ್ತಾ ಬಂದರು. 7 ಚುಕ್ಕಿ ಇದ್ದರೆ 1973. 1980ರಲ್ಲಿ ಮತ್ತೆ 10 ಚುಕ್ಕಿ, ಆದರೆ ಈ ಸಲ ಕಂಪನಿ ಹೆಸರಿನ 'ಎಸ್' ಅಕ್ಷರ ಮಿಂಚಿನ ಆಕಾರದಲ್ಲಿದೆ, ಅದರಿಂದ ಎರಡನ್ನೂ ಬೇರೆ ಮಾಡಬಹುದು. ಹಿಂಬದಿಯ ಸಂಖ್ಯೆಯೂ ಮಾತಾಡುತ್ತದೆ. 6318 ಅಂದರೆ: 6 ಸಾಮಾನ್ಯವಾಗಿ ಮೂಳೆ ಹಿಡಿ, 3 ಅಂದರೆ ಮೂರು ಅಲಗು, 18 ಮಾದರಿ. ಸಂಖ್ಯೆ ಮೂರು ಅಲಗು ಅನ್ನುತ್ತಿದ್ದು ಚಾಕುವಿನಲ್ಲಿ ಎರಡೇ ಇದ್ದರೆ, ಯಾರೋ ಕೈಯಾಡಿಸಿದ್ದಾರೆ.

ಕೈಯಾಡಿಸಿದ್ದನ್ನು ಹಿಡಿಯೋದೇ ಇದರಲ್ಲಿ ಅರ್ಧ ಕೆಲಸ. ಹಳೇ ಮುದ್ರೆ ಒತ್ತಿದ ಅಚ್ಚು, ಅದರ ಅಕ್ಷರದ ಒಳಗೂ ಸುತ್ತಲಿನಷ್ಟೇ ಕಪ್ಪು, ಅಷ್ಟೇ ಸವೆತ ಇರಬೇಕು. ಸುತ್ತಲೂ ತುಕ್ಕು ತಿಂದು ಗುಳಿ ಬಿದ್ದಿದ್ದು ಅಕ್ಷರ ಮಾತ್ರ ನಿನ್ನೆ ಹೊಡೆದ ಹಾಗೆ ಚೂಪಾಗಿದ್ದರೆ, ಅದು ನಿನ್ನೆಯದೇ ಇರಬೇಕು. ಒಂದು ಅಲಗಿನ ಬುಡ ಉಳಿದವಕ್ಕಿಂತ ತೆಳ್ಳಗಿದ್ದರೆ, ಹಳೇ ಹೆಸರನ್ನು ಉಜ್ಜಿ ತೆಗೆದು ಹೊಸದು ಒತ್ತಿರಬಹುದು ಅಂತ ಅನುಮಾನಿಸಿ.

ಮುದ್ರೆ ಅಸಲಿ ಅಂತಾದ ಮೇಲೆ ಬೆಲೆ ನಿಲ್ಲೋದು ಸ್ಥಿತಿಯ ಮೇಲೆ. ಅಲಗು ಪೂರ್ತಿ ಇದೆಯಾ, ಸಾಣೆ ಹಿಡಿದು ಹಿಡಿದು ಅರ್ಧ ಆಗಿದೆಯಾ? ಮಡಚುವಾಗ ಟಕ್ ಅಂತ ಕೂರುತ್ತದಾ, ಅಲ್ಲಾಡುತ್ತದಾ? ಹಿಡಿ ಬಿರುಕು ಬಿಟ್ಟಿದೆಯಾ? ಸವೆದು ಕಡ್ಡಿಯಂತಾದ ದೊಡ್ಡ ಹೆಸರಿನ ಚಾಕುವಿಗಿಂತ, ಹೆಚ್ಚು ಬಳಸದ ಸಾಧಾರಣ ಹೆಸರಿನದಕ್ಕೆ ಜಾಸ್ತಿ ಬೆಲೆ ಸಿಗೋದು ಹೊಸದೇನಲ್ಲ. ಬೆಲೆ ಹುಡುಕುವಾಗ ಮಾರುವವರು ಕೇಳುತ್ತಿರುವ ಮೊತ್ತ ನೋಡಬೇಡಿ, ಅದು ಸುಮ್ನೆ ಅವರ ಆಸೆ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ಹುಡುಕಿ, ಅದೇ ಮಾದರಿ, ಅದೇ ಮುದ್ರೆ, ಅದೇ ಸ್ಥಿತಿ ಇರುವ ಎರಡು ಮೂರಾದರೂ ಸಿಗಬೇಕು.

ಹಿಡಿ ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್‌ನದಾಗಿದ್ದರೆ ಆ ಚಾಕುವನ್ನು ಬೇರೆ ಚಾಕುಗಳ ಜೊತೆ ಮುಚ್ಚಿದ ಡಬ್ಬದಲ್ಲಿ ಇಡಬೇಡಿ. ಹಳೆಯದಾದ ಹಾಗೆ ಅದರಿಂದ ಬರುವ ಆಮ್ಲದ ಆವಿ ಪಕ್ಕದ ಅಲಗುಗಳಿಗೂ ತುಕ್ಕು ಹಿಡಿಸುತ್ತದೆ. ಹಿಡಿ ಆನೆದಂತದ್ದು ಅನಿಸಿದರೆ ಬಿಸಿ ಸೂಜಿ ಚುಚ್ಚಿ ನೋಡಬೇಡಿ, ಗುರುತು ಉಳಿಯುತ್ತದೆ. ಸೆಲ್ಯುಲಾಯ್ಡ್ ಆಗಿದ್ದರಂತೂ ಬೆಂಕಿಯೇ ಹತ್ತಿಕೊಳ್ಳಬಹುದು. ಆನೆದಂತದ ಮಾರಾಟಕ್ಕೆ ಹೆಚ್ಚಿನ ದೇಶಗಳಲ್ಲಿ ಬಿಗಿ ಕಾನೂನಿದೆ, ಬೆಲೆ ಕೇಳೋ ಮುಂಚೆ ನಿಮ್ಮಲ್ಲಿ ಅದನ್ನು ಮಾರಬಹುದಾ ಅನ್ನೋದನ್ನೇ ಮೊದಲು ವಿಚಾರಿಸಿ.