ಒಳ್ಳೆಯ ಆರ್‌ಪಿಜಿಯನ್ನು ಮೊದಲ ಎರಡು ಗಂಟೆಯಲ್ಲೇ ಗುರುತಿಸುವುದು ಹೇಗೆ?

ಹೊಸ ಆರ್‌ಪಿಜಿ (ನಾವೇ ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ವಿಡಿಯೋ ಗೇಮ್) ಸಿಕ್ಕರೆ ನಾನು ಮೊದಲು ಗ್ರಾಫಿಕ್ಸ್ ನೋಡುವುದಿಲ್ಲ. ಬೇಕಂತಲೇ ಸೋತು ನೋಡುತ್ತೇನೆ. ಸೋತಾಗ ಆಟ ಸುಮ್ನೆ ನಿಂತುಬಿಡುತ್ತದಾ, ಕಥೆ ಬೇರೆ ದಾರಿ ಹಿಡಿಯುತ್ತದಾ? ಅದೇ ನನ್ನ ಮೊದಲ ಪರೀಕ್ಷೆ.

2019ರ ‘ಡಿಸ್ಕೊ ಎಲಿಸಿಯಮ್’ ತಗೊಳ್ಳಿ. ಇದರಲ್ಲಿ ಬೇರೆ ಆಟಗಳ ಥರ ಕಾದಾಟವೇ ಇಲ್ಲ. 24 ಕೌಶಲಗಳು ನಾಯಕನ ತಲೆಯೊಳಗೆ ಕೂತು ಅವನ ಜೊತೆ ಮಾತಾಡುತ್ತವೆ. ಶುರುವಿನಲ್ಲೇ ಫ್ಯಾನಿಗೆ ಸಿಕ್ಕಿಕೊಂಡ ಟೈ ತೆಗೆಯಬೇಕು. ನಾನು ದೇಹಬಲಕ್ಕೆ ಅತಿ ಕಡಿಮೆ ಅಂಕ ಕೊಟ್ಟಿದ್ದೆ. ನಾಯಕ ಟೈಗೆ ಕೈ ಚಾಚಿದ, ಹೃದಯಾಘಾತವಾಗಿ ಸತ್ತೇಹೋದ! ನಾನು ಮಾಡಿದ ಆಯ್ಕೆಗೆ ಬೆಲೆ ಇದೆ ಅಂತ ಆಗಲೇ ಗೊತ್ತಾಯಿತು. ನೀವು ಮೊದಲು ಫ್ಯಾನ್ ಆಫ್ ಮಾಡಿ, ಸುಲಭವಾಗುತ್ತದೆ. ಇಂಥ ಕೆಲಸಗಳಿಗೆ ಆಟ ದಾಳ ಉರುಳಿಸಿ ನಿಮ್ಮ ಕೌಶಲವನ್ನು ಪರೀಕ್ಷಿಸುತ್ತದೆ. ಬಿಳಿ ಬಣ್ಣದ ಪರೀಕ್ಷೆಯಲ್ಲಿ ಸೋತರೆ ಆ ಕೌಶಲ ಹೆಚ್ಚಿಸಿಕೊಂಡು ಮತ್ತೆ ಪ್ರಯತ್ನಿಸಬಹುದು. ಕೆಂಪು ಬಣ್ಣದ್ದಕ್ಕೆ ಒಂದೇ ಅವಕಾಶ. ಸೋತರೂ ಹಳೇ ಸೇವ್‌ಗೆ (ಮೊದಲೇ ಉಳಿಸಿಟ್ಟ ಹಂತಕ್ಕೆ) ಹಿಂತಿರುಗಬೇಡಿ. ಸೋಲಿನ ಮಾತುಗಳೇ ಎಷ್ಟೋ ಸಲ ಜಾಸ್ತಿ ಚೆನ್ನಾಗಿರುತ್ತವೆ.

ಆಮೇಲೆ, ಯಾರೂ ಕೇಳದ ಮೂಲೆಗೆ ಹೋಗಿ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಸ್ಕ್ರ್ಯಾಚ್ ಅನ್ನೋ ನಾಯಿ ಸತ್ತ ಒಡೆಯನ ಪಕ್ಕ ಕಾವಲು ಕೂತಿದೆ. ಪ್ರಾಣಿಗಳ ಜೊತೆ ಮಾತಾಡುವ ಮಂತ್ರ ಹಾಕಿ, ಅದನ್ನೇ ಕೇಳಿ. ಆ ಮಂತ್ರ ಇಲ್ಲದೆಯೂ ಮುಂದೆ ಹೋಗಬಹುದು. ಆದರೂ ಯಾರೋ ಕೂತು ಆ ನಾಯಿಗೆ ಮಾತು ಬರೆದಿದ್ದಾರೆ, ಅಲ್ವಾ? ಅಂಥ ಆಟಕ್ಕೆ ನಾನು ನೂರು ಗಂಟೆ ಕೊಡುತ್ತೇನೆ.